ಅಮಾವಾಸ್ಯೆಯ ಪರೀಕ್ಷೆಯನ್ನು ಕಿತ್ತವರು

ನಮ್ಮ ಸರ್ ಅವರ ಬೀಳ್ಕೊಡುಗೆಗೆ ಮುಂಚೆ ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಬಣ್ಣದ ಕಾರ್ಡು ಕೊಟ್ಟು, ಅವರ ಬಗ್ಗೆ ಎರಡು ಸಾಲು ಬರೆಯಿರಿ ಎಂದರು. ನಾನು ಒಂದೇ ಸಾಲು ಬರೆದೆ: 'ನನಗೆ ಕೆಲಸ ಕಲಿಸಿದವರು.' ಅದರಲ್ಲಿ ಸುಳ್ಳಿಲ್ಲ. ಉಳಿದದ್ದನ್ನೂ ಆ ಕಾರ್ಡಿನಲ್ಲೇ ಬರೆಯಬಹುದಿತ್ತು. ಆದರೆ ಆಗ ಅದನ್ನು ಅವರೊಬ್ಬರೇ ಓದುತ್ತಿದ್ದರು. ಅಷ್ಟು ಸಾಲದೆಂದು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ರಾಯಚೂರಿನಲ್ಲಿ ಅವರನ್ನು ಬಲ್ಲವರಿಗೆ ಹೆಸರು ಬೇಕಾಗಿಲ್ಲ, ಅರಿಯದವರಿಗೆ ಅದರಿಂದ ಉಪಯೋಗವಿಲ್ಲ.

ನಮ್ಮ ಆಫೀಸು ಇದ್ದದ್ದು ಒಂದು ಹಳೆಯ ಗೋದಾಮಿನ ಮೇಲಿನ ಮಹಡಿಯಲ್ಲಿ. ಮಾಲಕರು ಅಕ್ಕಿ ಗಿರಣಿಯವರು, ಎಲ್ಲರೂ ಅವರನ್ನು ಸಾವ್ಕಾರ್ರು ಎನ್ನುತ್ತಿದ್ದರು. ಗಿರಣಿಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ದಿನವಿಡೀ ನಿಲ್ಲುವುದನ್ನು ನೋಡಿ ನೋಡಿ ಬೇಸತ್ತು, ರೈತರಿಗೆ ಮೊಬೈಲಿನಲ್ಲೇ ಟೋಕನ್ ಕೊಡುವ ಒಂದು ಸಾಫ್ಟ್‌ವೇರು ಮಾಡಿಸಲು ಹೊರಟಿದ್ದರು. ಯಾವ ದಿನ, ಯಾವ ಗಂಜಿಗೆ, ಎಷ್ಟು ಹೊತ್ತಿಗೆ ಭತ್ತ ತರಬೇಕು ಎಂಬುದು ಆ ಟೋಕನಿನಲ್ಲಿ ಇರುತ್ತಿತ್ತು. ಗಂಜ್ ಎಂದರೆ ನಮ್ಮ ಕಡೆ ಕಾಳುಕಡಿಯ ಮಾರುಕಟ್ಟೆ. ರಾಯಚೂರಿನಲ್ಲಿ ಶುರುವಾದದ್ದು ಮಾನ್ವಿ, ಸಿರವಾರಗಳಿಗೆ ಹಬ್ಬಿತು. ಕಾಟಾ ಎಂಬ ತೂಕದ ಕಟ್ಟೆ, ತೇವಾಂಶ, ಹಮಾಲರ ಗುಂಪು, ಲಾರಿ ಎಲ್ಲವೂ ಅದರೊಳಗೆ ಸೇರುತ್ತ ಸೇರುತ್ತ ಅದು ಎಷ್ಟು ದೊಡ್ಡದಾಯಿತೆಂದರೆ ಪೂರ್ತಿ ಬಲ್ಲವರು ನಮ್ಮಲ್ಲಿ ಯಾರೂ ಉಳಿಯಲಿಲ್ಲ. ಒಂದು ಕಡೆ ಕೈ ಹಾಕಿದರೆ ಇನ್ನೆಲ್ಲೋ ಮುರಿಯುತ್ತಿತ್ತು. ಮುರಿದದ್ದು ರೈತನಿಗೆ ಗೊತ್ತಾಗುವ ಮೊದಲು ನಮಗೆ ಗೊತ್ತಾಗಬೇಕು. ಅದಕ್ಕಾಗಿ ಯಂತ್ರವೇ ತನ್ನಷ್ಟಕ್ಕೆ ನಡೆಸುವ ಪರೀಕ್ಷೆಗಳಿದ್ದವು. ಅವುಗಳಿಗೆಲ್ಲ ಮುಖ್ಯಸ್ಥರು ಅವರು.

ನಾನು ಕಾಲೇಜು ಮುಗಿಸಿ ಸೇರಿದ ಮೊದಲ ದಿನ ಅವರು ಮೇಜಿನ ಡ್ರಾಯರಿನಿಂದ ಒಂದು ಮುಷ್ಟಿ ಭತ್ತ ತೆಗೆದು ನನ್ನ ಮುಂದೆ ಸುರಿದರು. ಒಂದು ಕಾಳು ಎತ್ತಿಕೊಟ್ಟು, "ಕಡಿ ತಂಗಿ" ಎಂದರು. ಕಡಿದೆ.

"ಏನ್ ಗೊತ್ತಾತು?"

"ಒಣಗಿದೆ ಸರ್."

"ಒಂದು ಕಾಳು ಒಣಗ್ಯಾದ. ಚೀಲ ಒಣಗ್ಯಾದಂತ ಹ್ಯಾಂಗ ಹೇಳ್ತಿ? ಚೀಲಕ್ಕ ಚುಚ್ಚಿ ನಡುವಿಂದು ತೆಗೀಬೇಕು. ಚೀಲ ಬರೋಬರಿ ಅದ, ಆದರ ಟ್ರ್ಯಾಕ್ಟರು ಕಾಟಾದ ಮ್ಯಾಲೆ ಹತ್ತದಿದ್ರ? ಅದನ್ನೂ ಹತ್ತಿಸಿ ನೋಡಬೇಕು. ಎಲ್ಲಾ ಟ್ರ್ಯಾಕ್ಟರು ಒಮ್ಮಿಗೇ ಬಂದ್ರ? ಅದೂ ನೋಡಬೇಕು. ಇಷ್ಟಽ ನಮ್ಮ ಕೆಲಸ. ಉಳಿದದ್ದೆಲ್ಲ ಇಂಗ್ಲಿಷು."

ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಆ ವಿದ್ಯೆಯನ್ನು ವಿವರಿಸಿಲ್ಲ. ಒಂದೊಂದು ಲೆಕ್ಕವನ್ನು ಬಿಡಿಬಿಡಿಯಾಗಿ ಕಡಿದು ನೋಡುವ ಸಣ್ಣ ಪರೀಕ್ಷೆಗಳು ಸಾವಿರಾರು ಇದ್ದವು, ಕ್ಷಣದಲ್ಲಿ ಓಡಿ ಮುಗಿಯುತ್ತಿದ್ದವು. ಎರಡು ಮೂರು ಭಾಗಗಳನ್ನು ಜೋಡಿಸಿ ಚುಚ್ಚಿ ನೋಡುವಂಥವು ಅದಕ್ಕಿಂತ ಕಡಿಮೆ. ಕೊನೆಯ ಬಗೆಯದರಲ್ಲಿ ಇಡೀ ದಾರಿಯನ್ನು ಒಬ್ಬ ಸುಳ್ಳು ರೈತ ನಡೆಯುತ್ತಿದ್ದ. ಅವನಿಗೆ ಹುಸೇನಪ್ಪ ಎಂದು ಹೆಸರಿಟ್ಟವರೂ ಅವರೇ. ಮಟಮಾರಿಯ ಹುಸೇನಪ್ಪ ಟೋಕನ್ ತೆಗೆದುಕೊಂಡು, ಗೇಟಿಗೆ ಬಂದು, ಕಾಟಾ ಹತ್ತಿ, ಚೀಲ ಇಳಿಸಿ, ಚೀಟಿ ಹಿಡಿದು ಮನೆಗೆ ಹೋಗಬೇಕು. ದಾರಿಯಲ್ಲಿ ಎಲ್ಲಿ ನಿಂತರೂ ನಮ್ಮ ತಪ್ಪು. "ಹುಸೇನಪ್ಪ ಎಲ್ಲಿ ಮುಟ್ಟ್ಯಾನ?" ಎಂದು ಅವರು ಬಾಗಿಲಲ್ಲೇ ಕೇಳುತ್ತಿದ್ದರು. "ಕಾಟಾದ ಮ್ಯಾಲೆ ನಿಂತಾನ್ರಿ" ಎಂದರೆ, "ಪಾಪ, ಬಿಸಿಲು ಅದ, ಲಗೂ ಇಳಸ್ರಿ ಅವನ್ನ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಬಿಳಿ ಅಂಗಿ, ಜೇಬಿನಲ್ಲಿ ಸಣ್ಣ ಬಾಚಣಿಗೆ. ಶನಿವಾರ ಮಿರ್ಚಿ ಭಜಿ ತರಿಸುತ್ತಿದ್ದರು, ಎಲ್ಲರೂ ತೆಗೆದುಕೊಂಡ ಮೇಲೆಯೇ ತಮ್ಮದನ್ನು ತೆಗೆದುಕೊಳ್ಳುತ್ತಿದ್ದರು. ಅವರು ಯಾರನ್ನಾದರೂ ಬೈದದ್ದನ್ನು ನಾನು ಕೇಳಿಲ್ಲ. ಇದನ್ನು ಒಳ್ಳೆಯ ಗುಣವೆಂದು ಬಹಳ ದಿನ ತಿಳಿದಿದ್ದೆ. ಬೈಯುವವರು ಎದುರಿಗೇ ಇರುತ್ತಾರೆ, ಅವರಿಂದ ತಪ್ಪಿಸಿಕೊಳ್ಳಬಹುದು ಎನ್ನುವುದು ಆಮೇಲೆ ತಿಳಿಯಿತು.

ಒಮ್ಮೆ ಅವರ ಜೊತೆ ದೇವದುರ್ಗಕ್ಕೆ ಹೋಗಿದ್ದೆ, ಅಲ್ಲಿನ ಗಿರಣಿಯೊಂದರಲ್ಲಿ ನಮ್ಮ ಸಾಫ್ಟ್‌ವೇರು ತೋರಿಸಲು. ಗಬ್ಬೂರಿನಲ್ಲಿ ಬಸ್ಸು ನಿಂತಾಗ ಕಂಡಕ್ಟರಿನಿಂದ ಹಿಡಿದು ಶೇಂಗಾ ಮಾರುವ ಅಜ್ಜಿಯವರೆಗೆ ಎಲ್ಲರೂ ಅವರನ್ನು ಮಾತಾಡಿಸಿದರು. ದೇವದುರ್ಗ ತಲುಪಿದರೆ ನೆಟ್‌ವರ್ಕ್ ಇಲ್ಲ, ಮೊಬೈಲಿನ ಚಾರ್ಜೂ ಮುಗಿದಿತ್ತು. ಅವರು ಕಪ್ಪಗಾಗಿದ್ದ ಮೊಬೈಲನ್ನೇ ಎತ್ತಿ ಹಿಡಿದು, "ಇಲ್ಲಿ ಹಸಿರು ಬರ್ತದ, ಇಲ್ಲಿ ನಿಮ್ಮ ಹೆಸರು ಬರ್ತದ, ಇಲ್ಲಿ ಒತ್ತಿದ್ರ ಗೇಟು ತೆರೀತದ" ಎಂದು ಬೆರಳಿನಿಂದ ತೋರಿಸುತ್ತ ಹೋದರು. ಸುತ್ತ ನಿಂತವರು ಕಪ್ಪು ಗಾಜಿನೊಳಗೆ ಇಣುಕಿ ಇಣುಕಿ ನೋಡಿ ತಲೆಯಾಡಿಸಿದರು. ಹಿಂತಿರುಗುವಾಗ ಬಸ್ಸಿನಲ್ಲಿ ನಾನು ಕೇಳಿದೆ: "ಏನೂ ಕಾಣಲಿಲ್ಲವಲ್ಲ ಸರ್, ಅವರು ಒಪ್ಪಿದ್ದು ಹ್ಯಾಂಗ?"

"ತಂಗಿ, ಮಂದಿಗಿ ಕೆಲಸ ಬೇಕಾಗಿಲ್ಲ. ಹಸಿರು ಬೇಕು."

ಅವತ್ತು ಅದನ್ನು ಚಮತ್ಕಾರದ ಮಾತೆಂದುಕೊಂಡೆ.

ಹಸಿರು ನಿಜವಾಗಿಯೂ ಇತ್ತು. ಆಫೀಸಿನ ಹಾಲಿನಲ್ಲಿ ಗೋಡೆಗೆ ದೊಡ್ಡದೊಂದು ಟಿವಿ ಹಾಕಿ, ಪರೀಕ್ಷೆಗಳ ಫಲಿತಾಂಶ ಅದರ ಮೇಲೆ ಬರುವಂತೆ ಮಾಡಿದ್ದರು. ಒಂದು ಪರೀಕ್ಷೆಯ ಗುಂಪಿಗೆ ಒಂದು ಚೌಕ. ಪಾಸಾದರೆ ಹಸಿರು, ಫೇಲಾದರೆ ಕೆಂಪು. ಸಾವ್ಕಾರ್ರಿಗೆ ಕಂಪ್ಯೂಟರು ತಿಳಿಯುತ್ತಿರಲಿಲ್ಲ, ಗದ್ದೆ ತಿಳಿಯುತ್ತಿತ್ತು. ದಿನಾ ಬಂದು ಟಿವಿಯ ಮುಂದೆ ಬೆನ್ನ ಹಿಂದೆ ಕೈಕಟ್ಟಿ ನಿಂತು, "ಬೆಳಿ ಚಲೋ ಅದಲ್ಲ" ಎನ್ನುತ್ತಿದ್ದರು. ಎಲ್ಲಾದರೂ ಕೆಂಪು ಕಂಡರೆ, "ಅದೇನು, ಅಲ್ಲೊಂದು ಮಡಿಗಿ ರೋಗ ಬಂದಂಗ ಕಾಣ್ತದ?" ಆ ಮಾತು ಬೀಳಬಾರದು ಎನ್ನುವುದೇ ನಮ್ಮ ಸರ್ ಅವರ ಬಾಳಿನ ಗುರಿಯಾಗಿತ್ತು.

ಫೇಲಾದ ಪರೀಕ್ಷೆಯನ್ನು ಹಸಿರು ಮಾಡಲು ಎರಡು ದಾರಿ. ತಪ್ಪನ್ನು ಸರಿಮಾಡುವುದು ಒಂದು, ಪರೀಕ್ಷೆಯನ್ನೇ ಓಡದಂತೆ ನಿಲ್ಲಿಸಿಬಿಡುವುದು ಇನ್ನೊಂದು. ಎರಡನೆಯದಕ್ಕೆ ಅವರು 'ಕಳೆ ಕೀಳೋದು' ಎನ್ನುತ್ತಿದ್ದರು. ತಮ್ಮ ಕಂಪ್ಯೂಟರಿನಲ್ಲಿ ಕೂತು ಅವರು ಆ ಕೆಲಸ ಮಾಡುತ್ತಿರಲಿಲ್ಲ. ಯಾರು ಊಟಕ್ಕೋ ಚಹಾಕ್ಕೋ ಎದ್ದಿರುತ್ತಾರೋ ಅವರ ಕುರ್ಚಿಯಲ್ಲಿ ಕೂತು, ಎರಡೇ ಬೆರಳಿನಿಂದ ಟಕಟಕ ಒತ್ತಿ ಎದ್ದುಬಿಡುತ್ತಿದ್ದರು. ಮೊದಮೊದಲು ಅದು ಸೋಮಾರಿತನ ಎನ್ನಿಸುತ್ತಿತ್ತು. ಆದರೆ ಯಾರ ಕಂಪ್ಯೂಟರಿನಲ್ಲಿ ಬದಲಾವಣೆ ಆಗುತ್ತದೋ ಅವರ ಹೆಸರೇ ಅದಕ್ಕೆ ಅಂಟಿಕೊಳ್ಳುತ್ತದೆ.

ಪರೀಕ್ಷೆ ಬರೆಯುವವರು ಮುಖ್ಯವಾಗಿ ಇಬ್ಬರು, ನಾನು ಮತ್ತು ನಸ್ರೀನ್. ನಸ್ರೀನ್ ಮಾನ್ವಿಯವಳು. ಅವಳ ತಂದೆಯದು ಮಾನ್ವಿ ಗಂಜಿನೊಳಗೇ ಗೋಣಿಚೀಲದ ಅಂಗಡಿ. ಗಂಜಿನ ಒಂದು ಪದ್ಧತಿಯನ್ನು ನಾವೆಲ್ಲ ಬಾಯಲ್ಲಿ ಹೇಳುತ್ತಿದ್ದೆವು, ಸಾಫ್ಟ್‌ವೇರಿನಲ್ಲಿ ಸರಿಯಾಗಿ ಇಟ್ಟವಳು ಅವಳು. ಅಮಾವಾಸ್ಯೆಯ ದಿನ ಹಮಾಲರು ಚೀಲ ಎತ್ತುವುದಿಲ್ಲ, ಗಂಜ್ ಬಂದ್ ಇರುತ್ತದೆ. ಆ ದಿನಕ್ಕೆ ಟೋಕನ್ ಹೋಗಬಾರದು. "ನಮ್ಮ ಮನಿಯಾಗ ಅಮಾವಾಸಿ ಅಂದ್ರ ಅಬ್ಬಾ ಮನಿಯಾಗಿರೋ ದಿನ" ಎನ್ನುತ್ತಿದ್ದಳು. "ಈದ್ ಯಾವತ್ತಂತ ಚಂದ್ರನ್ನ ನೋಡಿ ಹೇಳಬೇಕು. ಅಮಾವಾಸಿ ಯಾವತ್ತಂತ ನಾ ನಿದ್ದ್ಯಾಗ ಹೇಳ್ತೀನಿ."

ಇಡೀ ವರ್ಷದ ಟೋಕನ್ನುಗಳನ್ನು ಕೊಡಿಸಿ ನೋಡಿ, ಒಂದಾದರೂ ಅಮಾವಾಸ್ಯೆಗೆ ಬಿದ್ದರೆ ಕೆಂಪು ತೋರಿಸುವ ಪರೀಕ್ಷೆ ಅದು. ಒಂದು ದಿನ ಅದು ಕೆಂಪಾಯಿತು. ಆಗಬೇಕಾದದ್ದೇ. ಮುಂದಿನ ತಿಂಗಳ ಅಮಾವಾಸ್ಯೆ ಎರಡು ದಿನಕ್ಕೆ ಹರಡಿಕೊಂಡಿತ್ತು. ನಮ್ಮ ಪ್ರೋಗ್ರಾಮು ಮೊದಲ ದಿನವನ್ನು ರಜೆ ಎಂದು ಹಿಡಿದಿತ್ತು, ಹಮಾಲರು ಎರಡನೆಯದನ್ನು ಹಿಡಿದಿದ್ದರು. ನಸ್ರೀನ್ ತಂದೆಗೆ ಫೋನ್ ಮಾಡಿ ಖಚಿತಪಡಿಸಿಕೊಂಡು, "ಸರ್, ಸರಿಮಾಡಾಕ ಎರಡು ದಿನ ಬೇಕು" ಎಂದಳು.

"ಮಾಡೂಣು, ಮಾಡೂಣು" ಎಂದರು. ಅಂದೇ ಮಧ್ಯಾಹ್ನ ಹೊರಗಿನ ಗಿರಣಿಯವರು ನೋಡಲು ಬರುವವರಿದ್ದರು.

ನಾವಿಬ್ಬರೂ ಮಾಳಿಗೆಯ ಮೇಲೆ ಊಟಕ್ಕೆ ಹೋದೆವು. ನೀರಿನ ಬಾಟಲಿ ಮರೆತಿದ್ದೆನೆಂದು ನಾನೊಬ್ಬಳೇ ಕೆಳಗೆ ಬಂದೆ. ಅವರು ನಸ್ರೀನಳ ಕುರ್ಚಿಯಲ್ಲಿದ್ದರು. ಹಾಲಿನ ಟಿವಿಯಲ್ಲಿ ಕೆಂಪು ಚೌಕ ನನ್ನ ಕಣ್ಣೆದುರಿಗೇ ಹಸಿರಾಯಿತು.

"ಏನ್ ಮಾಡಿದಿರಿ ಸರ್?"

"ಒಂದು ಕಳೆ ಕಿತ್ತೆ ತಂಗಿ. ಮಂದಿ ಹೋದ ಮ್ಯಾಲೆ ಮತ್ತ ಹಚ್ಚೂಣು."

ಮಾಳಿಗೆಗೆ ಹೋಗಿ ನಸ್ರೀನಳಿಗೆ ಹೇಳಿದೆ. ಅವಳು ಊಟ ಬಿಟ್ಟು ಕೆಳಗೆ ಬಂದು ಕೇಳಿದಳು. ಮರುದಿನವೂ ಕೇಳಿದಳು, ಅದರ ಮರುವಾರವೂ ಕೇಳಿದಳು. ಅವರ ಒಪ್ಪಿಗೆಯಿಲ್ಲದೆ ಪರೀಕ್ಷೆಯನ್ನು ಮತ್ತೆ ಸೇರಿಸುವಂತಿರಲಿಲ್ಲ, ಪ್ರೋಗ್ರಾಮನ್ನೂ ಮುಟ್ಟುವಂತಿರಲಿಲ್ಲ. "ಸೀಜನ್ ಶುರು ಆಗ್ಯಾದವಾ, ಈಗ ಏನೂ ಮುಟ್ಟೂದು ಬ್ಯಾಡ" ಎಂದು ಅವಳ ಮುಂದೆ ಭಜಿಯ ತಟ್ಟೆ ಸರಿಸಿದರು.

ಆ ಅಮಾವಾಸ್ಯೆ ಬಂತು. ಮಾನ್ವಿ ಗಂಜಿನ ಗೇಟಿಗೆ ಬೀಗ. ಗೇಟಿನಿಂದ ಸಿರವಾರದ ರಸ್ತೆಯವರೆಗೆ ಟ್ರ್ಯಾಕ್ಟರುಗಳು, ಒಂದೊಂದರ ಮೇಲೂ ಭತ್ತದ ಚೀಲ, ಒಬ್ಬೊಬ್ಬ ರೈತನ ಮೊಬೈಲಿನಲ್ಲೂ ನಮ್ಮ ಟೋಕನ್. ಚೀಲ ಇಳಿಸಲು ಒಬ್ಬ ಹಮಾಲನೂ ಇಲ್ಲ. ಸಂಜೆ ಸಣ್ಣ ಮಳೆ ಬಂತು. ಮೇಲಿನ ಚೀಲಗಳು ತೊಯ್ದವು. ಮರುದಿನ ತೇವಾಂಶ ಹೆಚ್ಚೆಂದು ಗಿರಣಿಯವರು ಅವನ್ನು ಬದಿಗಿಟ್ಟರು. ಜನ ಸುಮ್ಮನಿರುತ್ತಾರೆಯೇ?

ಸಾವ್ಕಾರ್ರು ನಮ್ಮ ಸರ್ ಅವರನ್ನು ಮಾನ್ವಿಗೆ ಕಳಿಸಿದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಒಬ್ಬಿಬ್ಬರಲ್ಲ, ಎಲ್ಲರೂ ಒಂದೇ ರೀತಿ ಹೇಳಿದರು. ಅವರು ಒಂದು ಟ್ರ್ಯಾಕ್ಟರಿನ ಮೇಲೆ ಹತ್ತಿ ನಿಂತು ಕೈಮುಗಿದರು. "ಯಪ್ಪಾ, ನಿಮ್ಮ ಸಿಟ್ಟು ಬರೋಬರಿ ಅದ. ನಮ್ಮ ಆಫೀಸಿನಾಗ ಇದನ್ನ ನೋಡಾಕಿ ಒಬ್ಬಾಕಿ ಸಣ್ಣ ಹುಡುಗಿ, ಇದೇ ಊರಾಕಿ, ಗೋಣಿಚೀಲದ ಅಂಗಡಿಯವರ ಮಗಳು. ಅಮಾವಾಸಿದು ಪರೀಕ್ಷಾ ಆಕಿ ತೆಗೆದುಬಿಟ್ಟಾಳ. ಆಕಿನ್ನ ಬೈಬ್ಯಾಡ್ರಿ. ನಮ್ಮ ಅಮಾವಾಸಿ, ನಮ್ಮ ಹುಣ್ಣಿವಿ ಆ ಮಂದಿಗಿ ಹ್ಯಾಂಗ ಗೊತ್ತಾಗಬೇಕು? ತಪ್ಪು ನಮ್ಮದು, ನಾವು ತಿಳಿಸಿ ಹೇಳಬೇಕಿತ್ತು."

ಎಷ್ಟು ಮೃದುವಾದ ಮಾತು ನೋಡಿ. ಎಲ್ಲಿಯೂ ಒಂದು ಬೈಗುಳವಿಲ್ಲ.

ಹುಟ್ಟಿದಾಗಿನಿಂದ ಆ ಗಂಜಿನ ಅಮಾವಾಸ್ಯೆಗಳನ್ನು ಎಣಿಸಿದ ಹುಡುಗಿ ಅದೇ ಗಂಜಿನಲ್ಲಿ 'ಆ ಮಂದಿ' ಆದಳು. ಅವಳ ತಂದೆ ಚಹಾದಂಗಡಿಗೆ ಹೋದರೆ, "ಏನ್ ಸಾಹೇಬ್ರ, ಮುಂದಿನ ಅಮಾವಾಸಿ ಯಾವತ್ತು, ಮಗಳನ್ನ ಕೇಳಿ ಹೇಳ್ರಿ" ಎನ್ನತೊಡಗಿದರು. ಅವರು ಚಹಾವನ್ನು ಅಂಗಡಿಗೇ ತರಿಸಿಕೊಂಡು ಕುಡಿಯಲು ಶುರುಮಾಡಿದರು. ಆಫೀಸಿನಲ್ಲಿ ನಸ್ರೀನಳಿಗೆ ಸ್ವಲ್ಪ ದಿನ ಮನೆಯಲ್ಲಿರು ಎಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ.

ನಾನು ಸಾವ್ಕಾರ್ರ ಬಳಿ ಹೋಗಿ, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವರು ನಮ್ಮ ಸರ್ ಅವರನ್ನು ಕರೆಸಿದರು. ಸರ್ ಬಂದು ಕಂಪ್ಯೂಟರ್ ತೆರೆದು ತೋರಿಸಿದರು. ತೆಗೆದವರ ಹೆಸರು ನಸ್ರೀನ್.

"ಆಕಿ ತೆಗೆದಾಳ, ನಾ ನಂಬಿ ಹೂಂ ಅಂದೆ. ನಂಬಿದ್ದು ನಂದು ತಪ್ಪು" ಎಂದರು ನಮ್ಮ ಸರ್. ಅವರ ಕಣ್ಣಲ್ಲಿ ನೀರು ತುಂಬಿತ್ತು, ನಿಜವಾದ ನೀರು.

"ಹೆಸರು ಆಕಿದೇ ಅದಲ್ಲವಾ" ಎಂದರು ಸಾವ್ಕಾರ್ರು ನನಗೆ. "ನೀ ಆಕಿ ಗೆಳತಿ ಅದಿ. ಹೊಟ್ಟಿ ಉರೀತದ, ಖರೆ. ಹೋಗು, ಕೆಲಸ ನೋಡು."

ಹೋಗಿ ಕೆಲಸ ನೋಡಿದೆ. ಅವತ್ತಿನಿಂದ ನಾನು ನೋಡಿದ ಕೆಲಸ ಒಂದೇ.

ನಾನು ಹೆಚ್ಚು ಮಾತಾಡುವವಳಲ್ಲ. ಆಫೀಸಿನಲ್ಲಿ ಅದನ್ನು ಎಲ್ಲರೂ ಮೆತ್ತಗಿರುವುದೆಂದು ತಿಳಿದರು, ನಮ್ಮ ಸರ್ ಎಲ್ಲರಿಗಿಂತ ಹೆಚ್ಚು. ನಸ್ರೀನ್ ಹೋದ ಮೇಲೆ ಅವಳ ಪಾಲಿನದೂ ನನಗೇ ಬಂತು. ಅವಳ ಅಮಾವಾಸ್ಯೆ ಪರೀಕ್ಷೆಯನ್ನು ಮತ್ತೆ ಸೇರಿಸಿದೆ, ಪ್ರೋಗ್ರಾಮನ್ನೂ ಸರಿಮಾಡಿದೆ. ಅಷ್ಟು ಗದ್ದಲವಾದ ಮೇಲೆ ಅದಕ್ಕೆ ಬೇಡ ಎನ್ನುವಂತಿರಲಿಲ್ಲ. ಆಮೇಲೆ ಒಂದು ದಿನ ಅವರ ಬಳಿ ಹೋಗಿ ಹೇಳಿದೆ: "ಸರ್, ಟಿವಿ ಮ್ಯಾಲೆ ಬರೀ ಚೌಕ ಕಾಣ್ತಾವ. ಯಾರು ಏನ್ ಕೆಲಸ ಮಾಡಿದರಂತ ಸಾವ್ಕಾರ್ರಿಗೆ ಗೊತ್ತಾಗಂಗಿಲ್ಲ. ಪರೀಕ್ಷಾ ಸೇರಿಸಿದ್ರ, ತೆಗೆದ್ರ, ತಿದ್ದಿದ್ರ, ಆ ಕ್ಷಣಕ್ಕೇ ಹೆಸರು ದೊಡ್ಡ ಅಕ್ಷರದಾಗ ಬರುವಂಗ ಮಾಡಲೇನು?"

"ಮಾಡು ತಂಗಿ, ಭಾಳ ಚಲೋ ವಿಚಾರ" ಎಂದರು. ಸಾವ್ಕಾರ್ರ ಮುಂದೆ ಅದು ತಮ್ಮ ವಿಚಾರವೆಂದು ಹೇಳಿಕೊಂಡರು. ಅದು ಅವರದೇ ಆಗಲಿ ಎಂದು ನನಗೂ ಆಸೆಯಿತ್ತು.

ಮುಂದಿನ ಸೀಜನ್ನಿಗೆ ದೇವದುರ್ಗದ ಗಿರಣಿಗಳವರೂ ಸೇರುವ ಮಾತು ನಡೆಯಿತು. ಅವರು ತಂಡವಾಗಿ ನೋಡಲು ಬರುವ ದಿನ ಬೆಳಿಗ್ಗೆ ಒಂದು ಚೌಕ ಕೆಂಪಾಗಿತ್ತು. ಎಲ್ಲ ಹುಸೇನಪ್ಪಂದಿರೂ ಒಮ್ಮೆಲೇ ಬಂದಾಗ ಏನಾಗುತ್ತದೆ ಎಂದು ನೋಡುವ ಪರೀಕ್ಷೆ ಅದು. ದೇವದುರ್ಗದ ಹುಸೇನಪ್ಪಂದಿರು ಗೇಟಿನಲ್ಲೇ ಸಿಕ್ಕಿಕೊಂಡಿದ್ದರು. ತಪ್ಪು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಬಂದವರು ಮೆಟ್ಟಿಲು ಹತ್ತುವುದರೊಳಗೆ ಸರಿಮಾಡಬಹುದಿತ್ತು. ಮಾಡಲಿಲ್ಲ. ಕಂಪ್ಯೂಟರನ್ನು ತೆರೆದೇ ಬಿಟ್ಟು, ಚಹಾ ಹೇಳಿಬರುತ್ತೇನೆಂದು ಎದ್ದು ಹಾಲಿಗೆ ಬಂದು ಸಾವ್ಕಾರ್ರ ಪಕ್ಕದಲ್ಲಿ ನಿಂತೆ.

ದೇವದುರ್ಗದವರಲ್ಲಿ ಹಿರಿಯರೊಬ್ಬರಿದ್ದರು, ಹೆಗಲ ಮೇಲೆ ಟವೆಲು, ಹಣೆಗೆ ವಿಭೂತಿ. ಟಿವಿ ನೋಡಿ, "ಅಲ್ಲೊಂದು ಕೆಂಪು ಅದಲ್ಲ, ಏನ್ರೀ ಅದು?" ಎಂದರು.

ಸಾವ್ಕಾರ್ರ ಮುಖ ಗಂಟಾಯಿತು. ನಮ್ಮ ಸರ್ ನಕ್ಕು, "ಐದು ನಿಮಿಷ ರೀ, ಸಣ್ಣದು ಅದ" ಎಂದು ಒಳಗೆ ಹೋದರು. ನನಗೆ ಅವರ ಬೆನ್ನು ಕಾಣುತ್ತಿತ್ತು. ಯಾವ ಕುರ್ಚಿಯ ಕಡೆ ತಿರುಗುತ್ತಾರೆಂದು ನೋಡಿದೆ. ನನ್ನ ಕುರ್ಚಿಯ ಕಡೆಗೇ ತಿರುಗಿದರು.

ಚಹಾ ಬಂತು. ನಾನು ತಟ್ಟೆ ತೆಗೆದುಕೊಂಡು ಎಲ್ಲರಿಗೂ ಕೊಡುತ್ತ ಹೋದೆ. ಸಾವ್ಕಾರ್ರ ಕೈಗೆ ಲೋಟ ಕೊಡುವಾಗ ಟಿವಿಯ ಆ ಚೌಕ, ನಾನು ಬದಲಿಸಿಟ್ಟಿದ್ದಂತೆ, ಹಸಿರಾಗದೆ ಬೂದು ಬಣ್ಣಕ್ಕೆ ತಿರುಗಿತು. ಪಕ್ಕದಲ್ಲಿ ದೊಡ್ಡ ಅಕ್ಷರ ಮೂಡಿತು: ಈ ಪರೀಕ್ಷೆಯನ್ನು ಈಗ ತಾನೇ ನಿಲ್ಲಿಸಲಾಗಿದೆ. ನಿಲ್ಲಿಸಿದವರು, ಎಂದು ಬರೆದು ನನ್ನ ಹೆಸರು.

ಸಾವ್ಕಾರ್ರು ಅಕ್ಷರ ಓದಿದರು, ನನ್ನನ್ನು ನೋಡಿದರು, ಮತ್ತೆ ಅಕ್ಷರ ನೋಡಿದರು.

"ನೀ ಇಲ್ಲೇ ನಿಂತಿಯಲ್ಲವಾ?"

"ಹೌದ್ರೀ."

"ಮತ್ತ ಅಲ್ಲಿ ಕುಂತಾಕಿ ಯಾರು?"

ದೇವದುರ್ಗದ ಹಿರಿಯರು ಟವೆಲ್ಲಿನಿಂದ ಮೀಸೆ ಒರೆಸಿಕೊಂಡು, "ಹೋಗಿ ನೋಡಿಬರ್ರಿ ಸಾವ್ಕಾರ್ರ. ನಿಮ್ಮಲ್ಲಿ ಒಬ್ಬೊಬ್ಬಾಕಿ ಎರಡೆರಡು ಕಡಿ ಇರ್ತಾಳಂದ್ರ ಪಗಾರ ಉಳೀತದ" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು.

ಸಾವ್ಕಾರ್ರು ಒಳಗೆ ಹೋದರು. ನಾನು ಬಾಗಿಲವರೆಗೆ ಹೋಗಿ ನಿಂತೆ. ನಮ್ಮ ಸರ್ ನನ್ನ ಕುರ್ಚಿಯಲ್ಲಿ, ಎರಡು ಬೆರಳು ಎತ್ತಿದಂತೆಯೇ, ತಲೆಯೆತ್ತಿ ನಗಲು ನೋಡುತ್ತಿದ್ದರು.

"ಕಳೆ ಕಿತ್ತೇನ್ರಿ" ಎಂದರು ಸಾವ್ಕಾರ್ರಿಗೆ.

"ಗೋಣಿಚೀಲದವರ ಮಗಳ ಕುರ್ಚಿ ಯಾವುದಿತ್ತು?" ಎಂದು ಸಾವ್ಕಾರ್ರು ಕೇಳಿದರು. ಅವರು ಓದಿದವರಲ್ಲ, ಆದರೆ ಹೊಲದಲ್ಲಿ ದನ ಯಾರದು, ಯಾವ ಕಡೆಯಿಂದ ನುಗ್ಗಿತು ಎಂಬುದನ್ನು ಅವರಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ.

ಮುಂದೆ ನಡೆದದ್ದು ದೊಡ್ಡವರು ನಡೆಸುವ ರೀತಿಯಲ್ಲಿ ನಡೆಯಿತು. ಗದ್ದಲವಿಲ್ಲ. ನಮ್ಮ ಸರ್ ಅವರ ವಯಸ್ಸು ನೋಡಿ, ಶಾಲು ಹೊದಿಸಿ ಗೌರವದಿಂದ ಕಳಿಸುವುದೆಂದು ಮಾತಾಯಿತು. ಸಾವ್ಕಾರ್ರು ನನ್ನನ್ನು ಕರೆದು, "ಆತಲ್ಲವಾ? ಆ ಹುಡುಗಿ ಮತ್ತ ಕೆಲಸಕ್ಕ ಬರಲಿ. ಇನ್ನೇನು ಬೇಕು ನಿನಗ?" ಎಂದರು.

ನಸ್ರೀನ್ ಆಗಲೇ ಮನೆಯಲ್ಲಿ ಕೂತು ಬೇರೆ ಊರಿನ ಕಂಪನಿಗೆ ಕೆಲಸ ಮಾಡುತ್ತಿದ್ದಳು. ಹಿಂದಿನ ಸಂಜೆ ಫೋನಿನಲ್ಲಿ ಅವಳು ಹೇಳಿದ್ದಿಷ್ಟೇ: "ಕೆಲಸ ನಕ್ಕೋ, ಬ್ಯಾಡ. ನನ್ನ ಕೆಲಸ ನಾ ಹುಡುಕಿಕೊಂಡೀನಿ. ಅಬ್ಬಾ ಚಾದ ಅಂಗಡಿಗಿ ಹೋಗಬೇಕು."

ಅದನ್ನೇ ಹೇಳಿದೆ. "ಸರ್ ಮಾನ್ವಿಗಿ ಬರಬೇಕ್ರಿ. ಅವತ್ತು ಎಲ್ಲಿ ಹೇಳಿದರೋ ಅಲ್ಲೇ ಖರೆ ಹೇಳಬೇಕು. ಶಾಲು ಆಮ್ಯಾಲೆ."

"ಭಾಳ ಗಟ್ಟಿ ಅದಿ" ಎಂದರು ಸಾವ್ಕಾರ್ರು. ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಕಾರು ಕೊಡುತ್ತೇನೆಂದರು.

ದಿನ ಗೊತ್ತುಮಾಡಿದವರು ನಮ್ಮ ಸರ್. "ಸೋಮವಾರ ಬ್ಯಾಡ ತಂಗಿ, ಸಂತಿ ಗದ್ದಲ. ಮಂಗಳವಾರ ನನಗ ದವಾಖಾನಿ ಅದ. ಬುಧವಾರ ಹೋಗಿಬರೂಣು." ಕ್ಯಾಲೆಂಡರ್ ನೋಡಿದೆ. ಬುಧವಾರ ಅಮಾವಾಸ್ಯೆ. ನಮ್ಮ ಪ್ರೋಗ್ರಾಮು ಆ ಬುಧವಾರಕ್ಕೆ ಮಾನ್ವಿಯಲ್ಲಿ ಒಬ್ಬ ರೈತನಿಗೂ ಟೋಕನ್ ಕೊಟ್ಟಿರಲಿಲ್ಲ. ಅವರು ಮಾತ್ರ ತಮಗೆ ತಾವೇ ಕೊಟ್ಟುಕೊಂಡಿದ್ದರು. ಹೇಳಿ ತಪ್ಪಿಸಬಹುದಿತ್ತು. "ಆಗಲಿ ಸರ್" ಎಂದೆ. ಒಂದು ಸಲ ಬರುವುದಕ್ಕಿಂತ ಎರಡು ಸಲ ಬರಲಿ ಎನ್ನಿಸಿತು.

ಆ ಬುಧವಾರ ಮಾನ್ವಿ ಗಂಜ್ ಖಾಲಿ. ನಾಯಿಗಳು ಹರಡಿದ ಹೊಟ್ಟಿನ ಮೇಲೆ ಮಲಗಿದ್ದವು. ಅಂಗಡಿಯ ಶಟರನ್ನು ಅರ್ಧ ಎತ್ತಿ ನಸ್ರೀನಳ ತಂದೆ ಕಾಯುತ್ತಿದ್ದರು. ಅವಳು ಗೋಣಿಚೀಲದ ಅಟ್ಟಿಗೆ ಒರಗಿ ನಿಂತಿದ್ದಳು.

"ಬರ್ರಿ ಸಾಹೇಬ್ರ, ಕೂಡ್ರಿ" ಎಂದು ಕುರ್ಚಿ ಒರೆಸಿ ಕೊಟ್ಟರು. ನಮ್ಮ ಸರ್ ಕೂರದೆ ಕೈಮುಗಿದು, ದಾರಿಯುದ್ದಕ್ಕೂ ಕಣ್ಣುಮುಚ್ಚಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಶುರುಮಾಡಿದರು. "ಸಾಹೇಬ್ರ, ಮನುಷ್ಯಾ ಅಂದ ಮ್ಯಾಲೆ..."

"ಚಾ ಕುಡೀರಿ ಮೊದಲ."

ಕುಡಿದರು. ಮತ್ತೆ ಕೈಮುಗಿದರು.

"ನನಗ ಹೇಳಬ್ಯಾಡ್ರಿ" ಎಂದರು ನಸ್ರೀನಳ ತಂದೆ. ದನಿ ಏರಿರಲಿಲ್ಲ. "ನನ್ನ ಮಗಳು ಏನಂತ ನನಗ ಗೊತ್ತದ. ಅವತ್ತು ನೀವು ನನಗ ಹೇಳಲಿಲ್ಲ, ಟ್ರ್ಯಾಕ್ಟರ್ ಹತ್ತಿ ಊರಿಗಿ ಹೇಳಿದ್ರಿ. ಆ ಮಂದಿ ಇವತ್ತು ಇಲ್ಲ. ಅಮಾವಾಸಿ ಅಲ್ಲೇನ್ರೀ, ನಿಮಗ ಗೊತ್ತಿರಲಿಲ್ಲೇನು? ನಾಳಿ ಬರ್ತಾರ. ನಾಳಿ ಬರ್ರಿ."

"ನಾಳಿ ನನಗ ಸ್ವಲ್ಪ..."

"ಗಾಡಿ ಅದ ಸರ್" ಎಂದೆ ನಾನು. "ನಾಳಿ ಬರೂಣು."

ಹಿಂತಿರುಗುವ ದಾರಿಯಲ್ಲಿ ಅವರು ಒಮ್ಮೆ ಮಾತ್ರ ಮಾತಾಡಿದರು. "ನಾ ನಿನಗೇನ್ ಅನ್ಯಾಯ ಮಾಡೀನಿ ತಂಗಿ? ಕೆಲಸ ಕಲಿಸೀನಿ."

"ಹೌದ್ ಸರ್, ನೀವೇ ಕಲಿಸಿದ್ದು" ಎಂದೆ.

ಮರುದಿನ ಗಂಜ್ ತುಂಬಿತ್ತು. ಒಂದು ದಿನ ಬಂದ್ ಇದ್ದದ್ದರಿಂದ ಎರಡು ದಿನದ ಜನ. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಓಡುತ್ತಿದ್ದರು. ಅವರ ಮುಖಂಡ ನಮ್ಮನ್ನು ಕಂಡು, "ಏ ನಿಲ್ಲಸ್ರೋ, ಅಮಾವಾಸಿ ಸಾಹೇಬ್ರು ಬಂದಾರ" ಎಂದು ಕೂಗಿದ. ಜನ ಅಂಗಡಿಯ ಮುಂದೆ ಸೇರಿದರು. ನಮ್ಮ ಸರ್ ಮೆಟ್ಟಿಲ ಮೇಲೆ ನಿಂತು ಜೇಬಿನಿಂದ ಬಾಚಣಿಗೆ ತೆಗೆದು, ತಲೆ ಬಾಚಿಕೊಳ್ಳದೆ ಹಾಗೇ ಇಟ್ಟುಕೊಂಡರು. ತುಟಿ ಅಲುಗಿದ್ದು ಕಂಡಿತು.

"ಕೇಳಿಸಲಿಲ್ರೀ!" ಮುಖಂಡ ಕಿವಿಯ ಹಿಂದೆ ಕೈ ಇಟ್ಟ. "ಅವತ್ತು ಇಂಜಿನ್ನಿಗಿಂತ ಜೋರು ಇತ್ತಲ್ಲ ನಿಮ್ಮ ದನಿ, ಈಗೇನು ಗಂಟಲು ಕಟ್ಯಾದ?"

ನಕ್ಕರು. ನಮ್ಮ ಸರ್ ದನಿ ಏರಿಸಿ ಹೇಳಿದರು. "ಅಮಾವಾಸಿದು ಪರೀಕ್ಷಾ ಬರೆದಾಕಿ ಈ ಹುಡುಗಿ. ಅದು ಇದ್ದಿದ್ರ ಅವತ್ತು ನಿಮಗ ಟೋಕನ್ ಬರ್ತಿರಲಿಲ್ಲ. ತೆಗೆದದ್ದನ್ನ ಮತ್ತ ಸೇರಸ್ರಿ ಅಂತ ಆಕಿ ಹೇಳಿದ್ದಳು. ತೆಗೆದಾಂವ ನಾನು. ಆಕಿ ಹೆಸರು ಹಚ್ಚಿದಾಂವನೂ ನಾನು."

ನಗು ನಿಂತಿತು. ಮುಂದೆ ನಿಂತಿದ್ದ ಒಬ್ಬ ಮುದುಕ ಅವರನ್ನು ಮೇಲಿಂದ ಕೆಳಗೆ ನೋಡಿದ. "ಅಂದ್ರ ನನ್ನ ನೆಲ್ಲು ತೊಯ್ಸಿದಾಂವ ನೀನಽ ಏನಪಾ? ಮತ್ತ ಈ ಯಪ್ಪನ ಅಂಗಡಿ ಮುಂದ ನಾ ಉಗುಳಿ ಹೋಗೀನಲ್ಲ, ಅದನ್ನ ಯಾರು ಒರಸೋರು?"

ನಸ್ರೀನಳ ತಂದೆ ತಲೆ ತಗ್ಗಿಸಿ ಕಣ್ಣೊರೆಸಿಕೊಂಡು, "ಆತು ಬಿಡ್ರಿ, ಆತು. ಒಳಗ ಬರ್ರಿ" ಎಂದು ನಮ್ಮ ಸರ್ ಅವರ ಕೈ ಹಿಡಿಯಲು ಬಂದರು. ಅವರು ಒಳಗೆ ಹೋಗಲು ತಿರುಗಿದರು.

ಬಾಗಿಲಲ್ಲಿ ನಸ್ರೀನ್ ನಿಂತಿದ್ದಳು. ಸರಿಯಲಿಲ್ಲ.

"ಹಿಂದ ನಿಂತವರಿಗಿ ಕೇಳಿಸಿಲ್ಲ ಸರ್" ಎಂದಳು. "ಇನ್ನೊಮ್ಮಿ ಹೇಳ್ರಿ."

ಅವರು ನನ್ನ ಕಡೆ ನೋಡಿದರು. ನಾನು ಗೇಟಿನ ಕಡೆ ಕೈ ತೋರಿಸಿದೆ. ಭತ್ತ ಹೇರಿದ ಇನ್ನೊಂದು ಟ್ರ್ಯಾಕ್ಟರು ಒಳಗೆ ಬರುತ್ತಿತ್ತು, ಅದರ ಮೇಲೆ ನಾಲ್ಕಾರು ಜನ.

"ಅವರೂ ಬರಲಿ ಸರ್" ಎಂದೆ.

ಟ್ರ್ಯಾಕ್ಟರು ಬಂದು, ತಿರುಗಿಸಿ, ಹಿಂದೆ ಸರಿಸಿ, ಇಂಜಿನ್ ನಿಲ್ಲಿಸುವವರೆಗೆ ಅವರು ಬಿಸಿಲಿನಲ್ಲಿ ಕೈಮುಗಿದುಕೊಂಡು ಮೆಟ್ಟಿಲ ಮೇಲೆಯೇ ನಿಂತಿದ್ದರು. ಆಮೇಲೆ ಮೊದಲಿನಿಂದ ಶುರುಮಾಡಿದರು.